ಮೂವತ್ತು–ನಲವತ್ತರ ಸೈಟಿನ ಬಾಡಿಗೆ ಲೆಕ್ಕ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬಾಡಿಗೆ ಮನೆ ಕಟ್ಟಿಸಿದವರಲ್ಲಿ ಸಂಬಳದ ಜನವೇ ಹೆಚ್ಚು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಲ್ಲಿ, ಬ್ಯಾಂಕುಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ದುಡಿದವರು ಅವರು. ಸಿಐಟಿಬಿಯಿಂದಲೋ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿಡಿಎಯಿಂದಲೋ, ಇಲ್ಲವೇ ನೌಕರರ ಗೃಹ ನಿರ್ಮಾಣ ಸಹಕಾರ ಸಂಘದಿಂದಲೋ 30×40 ಅಡಿಯ ಸೈಟು ಪಡೆದು, ಭವಿಷ್ಯ ನಿಧಿಯ ಸಾಲದಲ್ಲಿ ನೆಲಮಹಡಿ ಕಟ್ಟುತ್ತಿದ್ದರು. ತಾರಸಿಯ ಮೇಲೆ ಕಂಬಗಳ ಕಬ್ಬಿಣದ ಸರಳುಗಳನ್ನು ಮೊಳದುದ್ದ ಹಾಗೆಯೇ ಬಿಟ್ಟಿರುತ್ತಿದ್ದರು. ಮುಂದೆಂದಾದರೂ ಮಹಡಿ ಎಬ್ಬಿಸುವ ಆಸೆಗೆ ಅದು ಗುರುತು. ಆ ಮಹಡಿ ಏಳುತ್ತಿದ್ದದ್ದು ಬಹುತೇಕ ನಿವೃತ್ತಿಯ ಹೊತ್ತಿಗೆ, ಗ್ರಾಚ್ಯುಯಿಟಿ ಹಣ ಕೈಗೆ ಬಂದ ಮೇಲೆ. 1990ರ ದಶಕದ ಕೊನೆಯಲ್ಲಿ ಮತ್ತು 2000ದ ಆರಂಭದ ವರ್ಷಗಳಲ್ಲಿ ಸಾರ್ವಜನಿಕ ಉದ್ಯಮಗಳೂ ಬ್ಯಾಂಕುಗಳೂ ಸ್ವಯಂ ನಿವೃತ್ತಿ ಯೋಜನೆ ತಂದಾಗ ಹೀಗೆ ಎದ್ದ ಮಹಡಿಗಳಿಂದ ಎಷ್ಟೋ ಬೀದಿಗಳ ಚಹರೆಯೇ ಬದಲಾಯಿತು.

ಇವರಿಗೆ ಬಾಡಿಗೆಯೆಂದರೆ ಪಿಂಚಣಿ. ಸರ್ಕಾರಿ ನೌಕರರಿಗೆ ಇದ್ದಂಥ ಪಿಂಚಣಿ ಕಾರ್ಖಾನೆಯ ಕೆಲಸಗಾರರಿಗೆ ಇರಲಿಲ್ಲ. 1995ರಲ್ಲಿ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ಸಿಗುವ ಮೊತ್ತ ತೀರಾ ಸಣ್ಣದು. 2014ರಲ್ಲಿ ಅದರ ಕನಿಷ್ಠ ಮಿತಿಯನ್ನು ತಿಂಗಳಿಗೆ 1,000 ರೂಪಾಯಿಗೆ ನಿಗದಿ ಮಾಡಲಾಯಿತು. ಅಷ್ಟರಲ್ಲಿ ಇಬ್ಬರ ಔಷಧಿಯ ಖರ್ಚೂ ಹುಟ್ಟುವುದಿಲ್ಲ. ಮೇಲಿನ ಎರಡು ಮನೆಗಳಿಂದ ಬರುವ ಬಾಡಿಗೆಯೇ ದಿನಸಿ, ಆಸ್ಪತ್ರೆ, ಹಬ್ಬ ಎಲ್ಲವನ್ನೂ ನಡೆಸಬೇಕು. ಯಜಮಾನ ತೀರಿಕೊಂಡ ಮೇಲೆ ಹೆಂಡತಿಗೆ ಉಳಿಯುವ ಆಧಾರವೂ ಅದೇ. ಈ ನಗರದಲ್ಲಿ ಮಕ್ಕಳ ಮುಂದೆ ಕೈಚಾಚದೆ ಬದುಕಿದ ಅನೇಕ ವಿಧವೆಯರ ಬೆನ್ನ ಹಿಂದೆ ಮೊದಲ ಮಹಡಿಯ ಎರಡು ಕೋಣೆಗಳ ಮನೆಯೊಂದು ಇರುತ್ತದೆ. ಆದ್ದರಿಂದ ಇಂಥ ಮನೆಯ ಲೆಕ್ಕ ತಪ್ಪಿದರೆ ಹೋಗುವುದು ಲಾಭ ಮಾತ್ರವಲ್ಲ, ಮುಪ್ಪಿನ ಆಸರೆಯೂ ಹೋಗುತ್ತದೆ.

ವಿಜಯನಗರದ ಅಂಥದೊಂದು ಮನೆಯ ನೆನಪು ಈ ಬರಹಕ್ಕೆ ಆಧಾರ. ಕೆಳಗೆ ಮನೆಯವರು, ಹಿತ್ತಲಲ್ಲಿ ಒಂದು ಔಟ್‌ಹೌಸ್, ಮೇಲೆ ಎರಡು ಬಾಡಿಗೆ ಮನೆ. ಯಜಮಾನರು ಕಾರ್ಖಾನೆಯ ಶಿಫ್ಟಿಗೆ ಹೋಗುತ್ತಿದ್ದರು. ಬಾಡಿಗೆಯ ವ್ಯವಹಾರ ಪೂರ್ತಿ ಯಜಮಾನಿಯ ಕೈಯಲ್ಲಿತ್ತು. ಮೊದಲ ಬಾಡಿಗೆದಾರರ ಬಾಯಲ್ಲಿ ಅವರು ‘ಅಮ್ಮಾವ್ರು’, ಆಮೇಲೆ ಬಂದವರಿಗೆ ‘ಓನರ್ ಆಂಟಿ’. ಉದ್ದನೆಯ ಲೆಕ್ಕದ ಪುಸ್ತಕದ ಎಡಪುಟದಲ್ಲಿ ಬಾಡಿಗೆ, ಬಲಪುಟದಲ್ಲಿ ರಿಪೇರಿ ಬರೆಯುತ್ತಿದ್ದರು. ಅಡ್ವಾನ್ಸನ್ನು ಮಾತ್ರ ಈ ಎರಡರಲ್ಲೂ ಬರೆಯದೆ, ಪುಸ್ತಕದ ಕೊನೆಯಿಂದ ಹಿಂದಕ್ಕೆ ಬೇರೆಯಾಗಿ ಬರೆಯುತ್ತಿದ್ದರು. ಆ ಪುಟಗಳ ತಲೆಬರಹ ‘ಕೊಡಬೇಕಾದ್ದು’. ಲೆಕ್ಕಶಾಸ್ತ್ರ ಕಲಿಯದ ಗೃಹಿಣಿಯೊಬ್ಬರು ಮಾಡಿದ ಈ ವಿಂಗಡಣೆಯೇ ಸಣ್ಣ ಬಾಡಿಗೆ ವ್ಯವಹಾರದ ತಳಪಾಯ.

ಅಡ್ವಾನ್ಸ್ ಬಾಡಿಗೆದಾರರ ಹಣ. ಓನರ್ ಬಳಿ ಇರುವುದು ಅದರ ಹೊಣೆ. ಬೆಂಗಳೂರಿನಲ್ಲಿ ಬಹುಕಾಲ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಪಡೆಯುವುದು ರೂಢಿಯಾಗಿತ್ತು. ಬೇರೆ ಊರುಗಳಿಂದ ಬಂದವರು ಇದನ್ನು ಕೇಳಿ ಬೆಚ್ಚುತ್ತಿದ್ದರು, ಅದು ಸಹಜವೇ. ರೂಢಿ ಬೆಳೆದದ್ದಕ್ಕೆ ಎರಡು ಕಾರಣಗಳಿವೆ. ಒಂದು, ಬಾಡಿಗೆ ನಿಲ್ಲಿಸಿದವರನ್ನು ಬಿಡಿಸಲು ನ್ಯಾಯಾಲಯಕ್ಕೆ ಹೋದರೆ ವರ್ಷಗಟ್ಟಲೆ ಹಿಡಿಯುತ್ತದೆ ಎಂಬ ಭಯ. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ: ಮಹಡಿಯ ಕಟ್ಟಡವೇ ಆ ಹಣದಲ್ಲಿ ಮುಗಿಯುತ್ತಿತ್ತು. ಗಿಲಾವು ಮುಗಿದು ನೆಲ ಹಾಕುವ ಹೊತ್ತಿಗೆ ಗ್ರಾಚ್ಯುಯಿಟಿ ಕರಗಿರುತ್ತಿತ್ತು. ಆಗ ಬರಲಿರುವ ಬಾಡಿಗೆದಾರರಿಂದ ಅಡ್ವಾನ್ಸ್ ಪಡೆದು ಕಿಟಕಿ, ಬಾಗಿಲು, ಬಣ್ಣ ಮುಗಿಸುವುದು ಸರ್ವೇಸಾಮಾನ್ಯ. ಅಂದರೆ ಮನೆಗೆ ಕಾಲಿಡುವ ಮೊದಲೇ ಬಾಡಿಗೆದಾರರು ಓನರ್‌ಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿರುತ್ತಿದ್ದರು.

ತೊಂದರೆ ಶುರುವಾಗುವುದು ಅವರು ಮನೆ ಬಿಡುವಾಗ. ಖರ್ಚಾದ ಅಡ್ವಾನ್ಸನ್ನು ಹಿಂದಿರುಗಿಸಲು ಮುಂದಿನ ಬಾಡಿಗೆದಾರರ ಅಡ್ವಾನ್ಸ್ ಬರಲೇಬೇಕು. ಅದು ಬರುವವರೆಗೆ ಹಳಬರನ್ನು ‘ಹೊಸಬರು ಬಂದ ಮೇಲೆ ಕೊಡ್ತೀವಿ’ ಎಂದು ಕಾಯಿಸುತ್ತಾರೆ. ಎರಡು ಮನೆ ಒಟ್ಟಿಗೆ ಖಾಲಿಯಾದರೆ, ಊರಿಗೇ ಒಂದು ಕೆಟ್ಟ ಕಾಲ ಬಂದರೆ, ಈ ಸರಪಳಿ ಹರಿಯುತ್ತದೆ. ಆಗ ಕೈಸಾಲ, ಚೀಟಿ, ಒಡವೆಯ ಅಡವು. ಬಾಡಿಗೆ ಕಡಿಮೆಯಾದ್ದರಿಂದ ಮುಳುಗಿದ ಸಣ್ಣ ಓನರ್‌ಗಳು ವಿರಳ. ಅಡ್ವಾನ್ಸನ್ನು ಆದಾಯವೆಂದು ಎಣಿಸಿದ್ದರಿಂದ ಕಷ್ಟಕ್ಕೆ ಬಿದ್ದವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ವಿಜಯನಗರದ ಯಜಮಾನಿ ಅಡ್ವಾನ್ಸ್ ಬಂದ ದಿನವೇ ಅದನ್ನು ಬ್ಯಾಂಕಿನ ನಿಶ್ಚಿತ ಠೇವಣಿಗೆ ಹಾಕುತ್ತಿದ್ದರು. ಬಡ್ಡಿ ಮಾತ್ರ ಮನೆಗೆ, ಅಸಲು ಬಾಡಿಗೆದಾರರಿಗೆ. ಬ್ಯಾಂಕುಗಳು ಶೇ 12ರ ಆಸುಪಾಸಿನಲ್ಲಿ ಬಡ್ಡಿ ಕೊಡುತ್ತಿದ್ದ 1990ರ ದಶಕದಲ್ಲಿ ಹತ್ತು ತಿಂಗಳ ಅಡ್ವಾನ್ಸಿನ ಬಡ್ಡಿ ವರ್ಷಕ್ಕೆ ಒಂದು ತಿಂಗಳ ಬಾಡಿಗೆಗೂ ಮೀರುತ್ತಿತ್ತು. ಬಡ್ಡಿ ಶೇ 6ಕ್ಕೆ ಇಳಿದಾಗ ಅದು ಅರ್ಧವಾಯಿತು.

ಬಡ್ಡಿಯ ಈ ಇಳಿತ ‘ಲೀಸ್’ ಎಂಬ ಇನ್ನೊಂದು ಪದ್ಧತಿಯನ್ನೂ ಅಲುಗಾಡಿಸಿತು. ಹಳಬರು ಭೋಗ್ಯ ಎನ್ನುತ್ತಿದ್ದ ಈ ವ್ಯವಸ್ಥೆಯಲ್ಲಿ ತಿಂಗಳ ಬಾಡಿಗೆ ಇರುವುದಿಲ್ಲ. ಬಾಡಿಗೆದಾರರು ದೊಡ್ಡದೊಂದು ಮೊತ್ತವನ್ನು ಇಡುಗಂಟಾಗಿ ಕೊಟ್ಟು ಎರಡು ಮೂರು ವರ್ಷ ಇದ್ದು, ಬಿಡುವಾಗ ಅಷ್ಟನ್ನೂ ಹಿಂದಕ್ಕೆ ಪಡೆಯುತ್ತಾರೆ. ಶೇ 12ರ ಬಡ್ಡಿಯಲ್ಲಿ ಒಂದು ಲಕ್ಷ ರೂಪಾಯಿ ತಿಂಗಳಿಗೆ ಸಾವಿರ ರೂಪಾಯಿ ತರುತ್ತಿತ್ತು. ಶೇ 6ರಲ್ಲಿ ಅದೇ ಸಾವಿರಕ್ಕೆ ಎರಡು ಲಕ್ಷ ಬೇಕು. ಈಗ ಲೀಸ್‌ಗೆ ಕೊಡಲು ಮುಂದಾಗುವ ಓನರ್‌ಗೆ ಬೇಕಾಗಿರುವುದು ಬಡ್ಡಿಗಿಂತ ಹೆಚ್ಚಾಗಿ ಇಡುಗಂಟು: ಮಗಳ ಮದುವೆಗೋ ಹಳೆಯ ಸಾಲ ತೀರಿಸಲೋ. ಮನೆಯನ್ನು ಬ್ಯಾಂಕಿಗೆ ಅಡವಿಟ್ಟು, ಅದನ್ನು ಮುಚ್ಚಿಟ್ಟು ಲೀಸ್ ಹಣ ಪಡೆದವರೂ ಇದ್ದಾರೆ. ಬ್ಯಾಂಕು ಮನೆ ವಶಪಡಿಸಿಕೊಂಡಾಗ ಜೀವಮಾನದ ಉಳಿತಾಯ ಕಳೆದುಕೊಂಡದ್ದು ಬಾಡಿಗೆಗಿದ್ದ ಸಂಸಾರ. ಇದು ಮೋಸವೇ, ವ್ಯವಹಾರದ ಏರುಪೇರು ಎಂದು ಹೇಳಿ ಮುಚ್ಚುವಂಥದ್ದಲ್ಲ.

ಕಾನೂನಿನ ಹಾದಿಯನ್ನು ಇಲ್ಲಿ ಸ್ವಲ್ಪ ನೋಡಬೇಕು. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಒಮ್ಮೆ ಸೇರಿಕೊಂಡವರನ್ನು ಬಿಡಿಸುವುದು ಕಷ್ಟವೆಂಬ ಅಂಜಿಕೆಯಿಂದ ಮನೆಗೆ ಬೀಗ ಹಾಕಿ ಬಿಟ್ಟವರಿದ್ದರು. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಬೆಂಗಳೂರಿನಂಥ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೆ ಮೀರಿದ ಬಾಡಿಗೆಯ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲವಾದ್ದರಿಂದ, ಇಂದಿನ ಮನೆಗಳೆಲ್ಲ ಹೆಚ್ಚುಕಡಿಮೆ ಅದರ ಹೊರಗಿವೆ. ಅವುಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೂ ಕರಾರು ಪತ್ರವೂ ಆಧಾರ. ಕರಾರು ಹನ್ನೊಂದು ತಿಂಗಳಿಗೇ ಏಕೆ ಎಂದು ಕೇಳುವವರಿಗೆ ಉತ್ತರ 1908ರ ನೋಂದಣಿ ಕಾಯ್ದೆಯಲ್ಲಿದೆ: ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳ ಅಡ್ವಾನ್ಸಿಗೆ ಎರಡು ತಿಂಗಳ ಮಿತಿ ಸೂಚಿಸಿತು. ರಾಜ್ಯಗಳು ಅಂಗೀಕರಿಸಿದರೆ ಮಾತ್ರ ಅದಕ್ಕೆ ಬಲ. ಆದರೂ ಪೇಟೆಯಲ್ಲಿ ಹತ್ತು ತಿಂಗಳ ಹಟ ಸಡಿಲಾಗಿ, ಐದಾರು ತಿಂಗಳಿಗೆ ಒಪ್ಪುವವರು ಹೆಚ್ಚಿದ್ದಾರೆ. ಓನರ್‌ಗಳಿಗೂ ಇದು ಒಳ್ಳೆಯದೇ. ಹಿಂದಿರುಗಿಸಬೇಕಾದ ಮೊತ್ತ ಸಣ್ಣದಾದಷ್ಟೂ ನಿದ್ದೆ ಚೆನ್ನಾಗಿ ಬರುತ್ತದೆ.

ಬಾಡಿಗೆಯ ಆದಾಯವನ್ನು ಹನ್ನೆರಡು ತಿಂಗಳಿಗೆ ಗುಣಿಸುವುದು ಸರಿಯಲ್ಲ. ಮನೆ ಖಾಲಿ ಬೀಳುವ ಕಾಲಕ್ಕೂ ಲೆಕ್ಕ ಬೇಕು, ಅದಕ್ಕೆ ಈ ನಾಡಿನಲ್ಲಿ ಪಂಚಾಂಗವನ್ನೂ ನೋಡಬೇಕು. ಶಾಲೆ ಶುರುವಾಗುವ ಮುಂಚೆ, ಏಪ್ರಿಲ್–ಮೇ ತಿಂಗಳಲ್ಲಿ, ಸಂಸಾರಗಳು ಮನೆ ಬದಲಿಸುತ್ತವೆ. ಆಷಾಢದಲ್ಲಿ ಹಾಲು ಉಕ್ಕಿಸಲು ಬಹಳ ಮಂದಿ ಒಪ್ಪುವುದಿಲ್ಲ, ಧನುರ್ಮಾಸದಲ್ಲೂ ಹಾಗೆಯೇ. ಜೂನ್ ಕೊನೆಯಲ್ಲಿ ಖಾಲಿಯಾದ ಮನೆಗೆ ಶ್ರಾವಣದವರೆಗೆ ಸಂಸಾರಸ್ಥರು ಸಿಗದೆ ಹೋಗಬಹುದು. ಅಂಥ ಮನೆಗೆ ಆಷಾಢವನ್ನು ಲೆಕ್ಕಿಸದ ಎಳೆಯ ನೌಕರರು ಬಂದದ್ದು 2000ದ ನಂತರ, ಐಟಿ ಕಂಪನಿಗಳು ನಗರವನ್ನು ತುಂಬಿಸಿದ ಮೇಲೆ. 2001ರ ಜನಗಣತಿಯಲ್ಲಿ ಸುಮಾರು 57 ಲಕ್ಷವಿದ್ದ ಬೆಂಗಳೂರು ನಗರ ಪ್ರದೇಶದ ಜನಸಂಖ್ಯೆ 2011ಕ್ಕೆ 85 ಲಕ್ಷದಷ್ಟಾಯಿತು. ಹೀಗೆ ಸೇರಿದವರಲ್ಲಿ ಬಹಳ ಮಂದಿ ಮೊದಲ ರಾತ್ರಿ ಮಲಗಿದ್ದು ಯಾರದೋ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿ.

ಮನೆ ಖಾಲಿ ಬೀಳುವುದಕ್ಕೆ ಓನರ್‌ಗಳೇ ತಂದುಕೊಂಡ ಕಾರಣವೂ ಒಂದಿದೆ. ಬಾಗಿಲಲ್ಲಿ ನಿಂತವರನ್ನು ‘ನೀವು ಯಾವ ಪೈಕಿ?’ ಎಂದು ಕೇಳುವುದು, ಜಾತಿ, ಧರ್ಮ, ಊಟದ ಪದ್ಧತಿ ಹೇಳುತ್ತಿದ್ದಂತೆ ‘ಮನೆ ಆಗಲೇ ಕೊಟ್ಟಾಯ್ತು’ ಎನ್ನುವುದು ಹಳೆಯ ಬಡಾವಣೆಗಳಲ್ಲಿ ಇಂದಿಗೂ ನಿಂತಿಲ್ಲ. ಹಿಂದಿರುಗಿ ಹೋದವರ ಅವಮಾನ ಯಾವ ಲೆಕ್ಕದ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಇದು ಅನ್ಯಾಯ ಎಂಬುದೇ ಮೊದಲ ಮಾತು, ನಷ್ಟ ಎಂಬುದು ಎರಡನೆಯದು. ವಿಜಯನಗರದ ಮನೆಯಲ್ಲಿ ಅತಿ ಹೆಚ್ಚು ಕಾಲ ಇದ್ದು, ಐದನೇ ತಾರೀಕು ತಪ್ಪದೆ ಬಾಡಿಗೆ ಕೊಟ್ಟು, ಯಜಮಾನರು ಆಸ್ಪತ್ರೆ ಸೇರಿದಾಗ ರಾತ್ರಿ ಕಾವಲು ಕೂತದ್ದು ಬೀದಿಯವರೆಲ್ಲ ‘ಅವರಿಗೇಕೆ ಕೊಟ್ಟಿರಿ’ ಎಂದು ಕೇಳಿದ್ದ ಸಂಸಾರ. ಒಳ್ಳೆಯ ಬಾಡಿಗೆದಾರರು ನೆಲೆ ನಿಂತರೆ ಬ್ರೋಕರ್ ಕಮಿಷನ್ ಇಲ್ಲ, ಬಣ್ಣದ ಖರ್ಚಿಲ್ಲ, ಖಾಲಿ ತಿಂಗಳಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಶೇ 5ರಷ್ಟು ಏರಿಸುವ ರೂಢಿಯಲ್ಲಿ 14,000 ರೂಪಾಯಿಯ ಬಾಡಿಗೆಗೆ ಸಿಗುವ ಹೆಚ್ಚುವರಿ ತಿಂಗಳಿಗೆ 700. ಆ 700ಕ್ಕಾಗಿ ಜಗಳವಾಗಿ ಅವರು ಮನೆ ಬಿಟ್ಟು ಒಂದೇ ಒಂದು ತಿಂಗಳು ಖಾಲಿಯಿದ್ದರೂ, ಕಳೆದುಕೊಂಡದ್ದನ್ನು ತುಂಬಿಸಲು ಇಪ್ಪತ್ತು ತಿಂಗಳು ಬೇಕು.

ಇನ್ನು ರಿಪೇರಿ. ಸಣ್ಣ ಮನೆಯ ರಿಪೇರಿಯಲ್ಲಿ ಮುಕ್ಕಾಲು ಪಾಲು ನೀರಿನದು: ಮೇಲಿಂದ ಬೀಳುವ ನೀರು, ಕೊಳವೆಯಲ್ಲಿ ಬರುವ ನೀರು, ಹೊರಗೆ ಹೋಗುವ ನೀರು.

ತಾರಸಿ ಸೋರುವುದು ಮಳೆಯಲ್ಲಿ ಗೊತ್ತಾದರೂ ಅದನ್ನು ಸರಿಪಡಿಸಲು ಸಾಧ್ಯವಾಗುವುದು ಬಿಸಿಲಿನಲ್ಲಿ. ಬೆಂಗಳೂರಿನಲ್ಲಿ ಮೇ ತಿಂಗಳ ಗುಡುಗು ಮಳೆ ಒಂದು ಸುತ್ತು, ಸೆಪ್ಟೆಂಬರ್–ಅಕ್ಟೋಬರ್‌ನದು ಜೋರಾದ ಇನ್ನೊಂದು ಸುತ್ತು. ಹಾಗಾಗಿ ಫೆಬ್ರವರಿ–ಮಾರ್ಚಿನಲ್ಲಿ ತಾರಸಿ ನೋಡಿಕೊಂಡವರು ಆ ವರ್ಷ ಗೆದ್ದಂತೆ. ನೋಡಬೇಕಾದ ಜಾಗಗಳು ಹೆಚ್ಚಿಲ್ಲ. ಪ್ಯಾರಪೆಟ್ ಗೋಡೆ ತಾರಸಿಯನ್ನು ಸೇರುವ ಮೂಲೆ, ಮಳೆನೀರಿನ ಕೊಳವೆಯ ಬಾಯಿ, ನೀರಿನ ಟ್ಯಾಂಕಿನ ಅಡಿ, ಮತ್ತು ಮುಂದಿನ ಮಹಡಿಗೆಂದು ಬಿಟ್ಟ ಕಬ್ಬಿಣದ ಸರಳುಗಳ ಬುಡ. ಸರಳು ತುಕ್ಕು ಹಿಡಿದು ಉಬ್ಬಿದಂತೆ ಸುತ್ತಲಿನ ಕಾಂಕ್ರೀಟು ಬಿರಿಯುತ್ತದೆ. ನೀರು ಸರಳಿನ ಗುಂಟ ಒಳಗಿಳಿದು ಎಲ್ಲೋ ದೂರದಲ್ಲಿ ಅಡುಗೆಮನೆಯ ಸೂರಿನಲ್ಲಿ ಕಪ್ಪು ಕಲೆಯಾಗಿ ಕಾಣಿಸಿಕೊಳ್ಳುತ್ತದೆ. ಮಹಡಿ ಎಬ್ಬಿಸುವ ಯೋಚನೆ ಕೈಬಿಟ್ಟಿದ್ದರೆ ಸರಳುಗಳನ್ನು ಕತ್ತರಿಸಿ ಸಿಮೆಂಟಿನಿಂದ ಮುಚ್ಚುವುದೇ ಸರಿ. ಆಸೆ ಇನ್ನೂ ಇದ್ದರೆ ಸಿಮೆಂಟು ಹಾಲು ಬಳಿದು ಮುಚ್ಚಿಡಬೇಕು. ಕಲೆಯ ಮೇಲೆ ಬಣ್ಣ ಹೊಡೆಸುವುದು ಹಣ ಪೋಲು ಮಾಡುವ ಕೆಲಸ, ಹೊಸ ಬಾಡಿಗೆದಾರರಿಗೆ ಮಾಡುವ ವಂಚನೆಯೂ ಹೌದು.

ಅದೇ ತಾರಸಿ ನೀರನ್ನು ಕೊಡಲೂ ಬಲ್ಲದು. ವರ್ಷಕ್ಕೆ 970 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನಲ್ಲಿ 1,200 ಚದರ ಅಡಿಯ ಜಾಗದ ಮೇಲೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದ 2009ರ ತಿದ್ದುಪಡಿ 30×40 ಸೈಟಿನ ಹೊಸ ಮನೆಗಳಿಗೂ ಅನ್ವಯಿಸುತ್ತದೆ. ಸಂಪಿಗೆ ಒಂದು ಶೋಧಕ ಕೂರಿಸಿ ತಾರಸಿಯ ಕೊಳವೆಯನ್ನು ಅದಕ್ಕೆ ತಿರುಗಿಸಿದವರು 2024ರ ಬೇಸಿಗೆಯ ಹಿಂದು ಮುಂದಿನ ಮಳೆಗಾಲಗಳಲ್ಲಿ ಅದರ ಬೆಲೆ ಕಂಡರು. ಆ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ದರ ಕೈಮೀರಿದಾಗ ಜಿಲ್ಲಾಡಳಿತ ಮಧ್ಯೆ ಬಂದು, ಐದು ಕಿಲೋಮೀಟರ್ ಒಳಗಿನ ಸರಬರಾಜಿಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ಗೊತ್ತುಮಾಡಬೇಕಾಯಿತು. ಟ್ಯಾಂಕರ್ ಖರ್ಚು ಯಾರದು ಎಂದು ಕರಾರಿನಲ್ಲಿ ಬರೆಯದ ಮನೆಗಳಲ್ಲಿ ಆ ಬೇಸಿಗೆ ಮನಸ್ತಾಪಗಳನ್ನೂ ತಂದಿತು.

ಕೊಳವೆಯ ನೀರಿನಲ್ಲಿ ಕಾವೇರಿಗೂ ಕೊಳವೆಬಾವಿಗೂ ವ್ಯತ್ಯಾಸವಿದೆ. ಕೊಳವೆಬಾವಿಯ ಗಡಸು ನೀರು ಶವರಿನ ತೂತುಗಳನ್ನು ಮುಚ್ಚುತ್ತದೆ, ಗೀಸರ್ ಸುರುಳಿಯ ಮೇಲೆ ಬಿಳಿ ಪದರ ಕಟ್ಟುತ್ತದೆ, ನಲ್ಲಿಗಳನ್ನು ಬೇಗ ಹಾಳುಮಾಡುತ್ತದೆ. ಹಳೆಯ ಜಿಐ ಪೈಪುಗಳು ಒಳಗಿನಿಂದ ತುಕ್ಕು ಕಟ್ಟಿ ನೀರಿನ ರಭಸ ಕುಗ್ಗಿಸುತ್ತವೆ. ಅಂಥ ಕಡೆ ಸೋರಿದ ಜಾಗವನ್ನು ಮಾತ್ರ ಮತ್ತೆ ಮತ್ತೆ ಸರಿಪಡಿಸುವುದಕ್ಕಿಂತ ಒಂದು ಮನೆ ಖಾಲಿಯಾದಾಗ ಪೂರ್ತಿ ಸಾಲನ್ನು ಬದಲಿಸುವುದು ಅಗ್ಗ. ಸಂಪಿನಲ್ಲಿ ನೀರಿಲ್ಲದಾಗ ಓಡಿದ ಮೋಟಾರು ಸುಟ್ಟು ಕಾಯಿಲ್ ಸುತ್ತಿಸುವುದು ಇನ್ನೊಂದು ನಿತ್ಯದ ಖರ್ಚು. ನೀರಿನ ಮಟ್ಟ ನೋಡಿ ತಾನೇ ನಿಲ್ಲುವ ಸಾಧನ ಕೂರಿಸಿದರೆ ಅದು ತಪ್ಪುತ್ತದೆ.

ನೀರಿನ ಬಿಲ್ಲಿನಲ್ಲೂ ಒಂದು ಒಳಲೆಕ್ಕವಿದೆ. ಜಲಮಂಡಳಿಯ ದರ ಹಂತ ಹಂತವಾಗಿ ಏರುತ್ತದೆ. 2014ರ ಕೊನೆಯಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಾರಿಯಲ್ಲಿದ್ದ ಪಟ್ಟಿಯಲ್ಲಿ ಮೊದಲ 8,000 ಲೀಟರಿಗೆ ಸಾವಿರ ಲೀಟರಿಗೆ 7 ರೂಪಾಯಿಯಂತೆ, ಅಲ್ಲಿಂದ 25,000ದವರೆಗೆ 11, ಮತ್ತೆ 50,000ದವರೆಗೆ 26 ರೂಪಾಯಿ ಇತ್ತು. ಒಂದು ಸಂಸಾರ ತಿಂಗಳಿಗೆ 15,000 ಲೀಟರ್ ಬಳಸಿದರೆ ನೀರಿನ ದರ 133 ರೂಪಾಯಿ. ಅಂಥ ಮೂರು ಸಂಸಾರಗಳಿಗೆ ಬೇರೆ ಬೇರೆ ಮೀಟರಿದ್ದರೆ ಒಟ್ಟು 399. ಮೂವರದೂ ಒಂದೇ ಮೀಟರಿನಡಿ 45,000 ಲೀಟರ್ ಎಂದು ಎಣಿಸಿದರೆ 763. ಬಾಡಿಗೆದಾರರು ತಲಾ ಇಷ್ಟು ಎಂದು ಹಂಚಿಕೊಳ್ಳುವಾಗ, ಕಡಿಮೆ ಬಳಸುವ ಸಂಸಾರ ಹೆಚ್ಚು ಬಳಸುವವರ ಭಾರ ಹೊರುತ್ತದೆ. ಪ್ರತಿ ಮನೆಯ ಪೈಪಿಗೆ ಒಂದು ಸಣ್ಣ ಒಳಮೀಟರ್ ಹಾಕಿಸಿದರೆ ಈ ಜಗಳ ಹುಟ್ಟುವುದೇ ಇಲ್ಲ.

ಹೊರಹೋಗುವ ನೀರಿನ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಚೇಂಬರ್ ಕಟ್ಟಿಕೊಂಡಾಗ ಯಾರಾದರೊಬ್ಬರನ್ನು ಕರೆದು, ನಾಲ್ಕು ಕಾಸು ಕೊಟ್ಟು, ಒಳಗಿಳಿಸುವುದು ಹಿಂದೆ ನಡೆಯುತ್ತಿತ್ತು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯಡಿ ಅದು ಅಪರಾಧ. ಕಾಯ್ದೆ ಇರಲಿ ಬಿಡಲಿ, ಮನುಷ್ಯನನ್ನು ಆ ಗುಂಡಿಗೆ ಇಳಿಸುವ ಹಕ್ಕು ಯಾವ ಮನೆಯ ಒಡೆಯನಿಗೂ ಇಲ್ಲ. ಒಳಗಿನ ವಿಷಾನಿಲಕ್ಕೆ ಜೀವ ತೆತ್ತವರ ಸುದ್ದಿ ಇಂದಿಗೂ ಪತ್ರಿಕೆಯಲ್ಲಿ ಬರುತ್ತಿದೆ. ಜೆಟ್ಟಿಂಗ್ ಯಂತ್ರ ತರಿಸುವ ಖರ್ಚನ್ನು ರಿಪೇರಿಯ ಲೆಕ್ಕದಲ್ಲಿ ಮೊದಲೇ ಸೇರಿಸಿಡಬೇಕು. ಅಡುಗೆಮನೆಯ ಕೊಳವೆಗೆ ಜಾಳಿಗೆ ಹಾಕಿಸಿ, ಚೇಂಬರ್ ಮುಚ್ಚಳ ಸುಲಭವಾಗಿ ತೆಗೆಯುವಂತೆ ಇಟ್ಟರೆ ಆ ಖರ್ಚು ಅಪರೂಪವಾಗುತ್ತದೆ.

ವಿದ್ಯುತ್ತಿನ ಕೆಲಸದಲ್ಲಿ ಜಿಪುಣತನ ಸಲ್ಲದು. ಹಳೆಯ ವೈರಿಂಗಿನ ಮನೆಗೆ ಗೀಸರ್, ಇಂಡಕ್ಷನ್ ಒಲೆ, ವಾಷಿಂಗ್ ಮಷಿನ್ ಬಂದು ಸೇರಿವೆ. ತಂತಿ ಆ ಹೊರೆಗೆ ಹಾಕಿದ್ದಲ್ಲ. ಅರ್ಥಿಂಗ್ ಸರಿಯಿದೆಯೇ, ಸೋರಿಕೆ ವಿದ್ಯುತ್ತನ್ನು ಕಡಿಯುವ ಸ್ವಿಚ್ ಇದೆಯೇ ಎಂದು ಹೊಸಬರು ಬರುವ ಮುನ್ನ ನೋಡಿಸಬೇಕು. ಪ್ರತಿ ಮನೆಗೂ ಬೇರೆ ಮೀಟರ್ ಇರುವುದು 2023ರ ಜುಲೈನಿಂದ ಇನ್ನೂ ಮುಖ್ಯವಾಗಿದೆ. 200 ಯೂನಿಟ್ ಮಿತಿಯೊಳಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಅದು ಒಂದು ಆರ್‌ಆರ್ ಸಂಖ್ಯೆಗೆ ಜೋಡಣೆಯಾಗಿರುತ್ತದೆ. ಒಂದೇ ಮೀಟರಿನಲ್ಲಿ ಇಬ್ಬರಿದ್ದರೆ ಇಬ್ಬರಿಗೂ ನಷ್ಟ. ಹಳಬರು ಹೋಗುವಾಗ ತಮ್ಮ ಆಧಾರ್ ಜೋಡಣೆ ತೆಗೆಸಿಕೊಂಡರಷ್ಟೇ ಹೊಸಬರು ಅರ್ಜಿ ಹಾಕಲು ಬರುವುದು. ಬೀಗದ ಕೈ ಪಡೆಯುವ ದಿನವೇ ಇದನ್ನು ಮುಗಿಸುವುದು ಒಳ್ಳೆಯದು.

ಬಣ್ಣದ ವಿಷಯ ಚಿಕ್ಕದು, ಆದರೆ ಮನಸ್ಸು ಮುರಿಯುವುದು ಇಲ್ಲಿಯೇ. ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಬೆಂಗಳೂರಿನ ರೂಢಿ. ಗೋಡೆಯ ಬಣ್ಣ ಯಾರಿದ್ದರೂ ನಾಲ್ಕೈದು ವರ್ಷಕ್ಕೆ ಮಾಸುತ್ತದೆ. ಅಷ್ಟು ಕಾಲ ಬಾಡಿಗೆ ಕೊಟ್ಟವರಿಂದ ಪೂರ್ತಿ ತಿಂಗಳನ್ನು ಮುರಿಯುವುದು ನ್ಯಾಯವಲ್ಲ. ವಿಜಯನಗರದ ಯಜಮಾನಿ ಎರಡು ವರ್ಷ ದಾಟಿದವರಿಂದ ಅರ್ಧ ಮಾತ್ರ ಹಿಡಿಯುತ್ತಿದ್ದರು, ನಾಲ್ಕು ದಾಟಿದವರಿಂದ ಏನೂ ಇಲ್ಲ. ಬಿಟ್ಟುಹೋದವರೇ ತಮ್ಮ ಪರಿಚಯದವರನ್ನು ಕಳಿಸುತ್ತಿದ್ದುದರಿಂದ ಆ ಮನೆಗೆ ಟು-ಲೆಟ್ ಬೋರ್ಡು ಹಾಕುವ ಪ್ರಸಂಗ ಕಡಿಮೆಯಿತ್ತು.

ತೆರಿಗೆಗಳಲ್ಲಿ ಆಸ್ತಿ ತೆರಿಗೆ ಮೊದಲನೆಯದು. 2008ರಲ್ಲಿ ಬಿಬಿಎಂಪಿ ತಂದ ಘಟಕ ವಿಸ್ತೀರ್ಣ ಪದ್ಧತಿಯಲ್ಲಿ ನಗರವನ್ನು ಎ ಇಂದ ಎಫ್‌ವರೆಗೆ ಆರು ವಲಯ ಮಾಡಿ ದರ ಕಟ್ಟಲಾಯಿತು. ಆರ್‌ಸಿಸಿ ಮನೆಗೆ ಆಗ ಎ ವಲಯದಲ್ಲಿ ಮೂಲ ದರ ಚದರ ಅಡಿಗೆ ಸ್ವಂತ ವಾಸಕ್ಕೆ 2.50 ರೂಪಾಯಿ, ಬಾಡಿಗೆಗೆ ಕೊಟ್ಟಿದ್ದರೆ 5 ಇತ್ತು. ಎಫ್ ವಲಯದಲ್ಲಿ 1 ಮತ್ತು 2. ಬಾಡಿಗೆ ಭಾಗಕ್ಕೆ ಹೀಗೆ ದುಪ್ಪಟ್ಟು ಬೀಳುವುದರಿಂದ ಇಡೀ ಮನೆಯನ್ನು ಸ್ವಂತ ವಾಸವೆಂದು ಘೋಷಿಸಿದವರು ಬಹಳ. ವರ್ಷಗಳ ನಂತರ ಬಾಕಿ, ದಂಡ, ಬಡ್ಡಿ ಸೇರಿ ಬಂದ ನೋಟಿಸು ಉಳಿಸಿದ್ದಕ್ಕಿಂತ ದೊಡ್ಡದಾಗಿತ್ತು. ಸರಿಯಾಗಿ ಘೋಷಿಸಿ, ಏಪ್ರಿಲ್‌ನಲ್ಲೇ ಕಟ್ಟಿ ಶೇ 5ರ ರಿಯಾಯಿತಿ ಪಡೆಯುವುದೇ ಅಗ್ಗದ ದಾರಿ.

ಆದಾಯ ತೆರಿಗೆಯ ಲೆಕ್ಕ ಸರಳ. ವರ್ಷದ ಬಾಡಿಗೆಯಿಂದ ಆ ವರ್ಷ ಓನರ್ ಕಟ್ಟಿದ ಆಸ್ತಿ ತೆರಿಗೆ ಕಳೆಯಬೇಕು. ಉಳಿದದ್ದರಲ್ಲಿ ಶೇ 30ನ್ನು ನಿರ್ವಹಣೆಗೆಂದು ಬಿಡಲಾಗುತ್ತದೆ. ತಲಾ 14,000 ರೂಪಾಯಿಯ ಎರಡು ಮನೆಗಳಿಂದ ವರ್ಷಕ್ಕೆ 3,36,000 ಬಂದು, ಆಸ್ತಿ ತೆರಿಗೆ 6,000 ಹೋದರೆ ಉಳಿಯುವುದು 3,30,000. ಅದರ ಶೇ 30 ಅಂದರೆ 99,000 ಕಳೆದು 2,31,000 ಮಾತ್ರ ಆದಾಯವೆಂದು ಎಣಿಕೆಯಾಗುತ್ತದೆ. ರಿಪೇರಿಗೆ ಹತ್ತು ರೂಪಾಯಿ ಖರ್ಚಾಗಿರಲಿ, ಎರಡು ಲಕ್ಷ ಆಗಿರಲಿ, ಈ ಶೇ 30 ಬದಲಾಗುವುದಿಲ್ಲ, ರಸೀದಿ ತೋರಿಸಬೇಕಾಗಿಯೂ ಇಲ್ಲ. ಹೆಚ್ಚಿನವರು ಇದನ್ನು ತೆರಿಗೆಯ ರಿಯಾಯಿತಿ ಎಂದಷ್ಟೇ ನೋಡಿ ಮರೆಯುತ್ತಾರೆ. ಅದರ ಅರ್ಧವನ್ನಾದರೂ ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿಟ್ಟರೆ, ಈ ಉದಾಹರಣೆಯಲ್ಲಿ ತಿಂಗಳಿಗೆ 4,000 ರೂಪಾಯಿಯ ಆಸುಪಾಸು, ಐದು ವರ್ಷಕ್ಕೊಮ್ಮೆ ಬರುವ ತಾರಸಿ, ಪೈಪು, ಬಣ್ಣದ ದೊಡ್ಡ ಖರ್ಚು ಸಾಲವಿಲ್ಲದೆ ಕಳೆಯುತ್ತದೆ.

ಬ್ಯಾಂಕ್ ಸಾಲದಲ್ಲಿ ಮಹಡಿ ಕಟ್ಟುವವರು ಇನ್ನಷ್ಟು ಎಚ್ಚರದಿಂದ ಇರಬೇಕು. ಬಾಡಿಗೆ ಮನೆಯ ಸಾಲದ ಬಡ್ಡಿಯನ್ನು ಬಾಡಿಗೆಯ ಆದಾಯದಿಂದ ಕಳೆಯಬಹುದು. ಬಡ್ಡಿಯೇ ಹೆಚ್ಚಾಗಿ ನಷ್ಟ ಬಂದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಂಥ ಬೇರೆ ಆದಾಯದಿಂದ ಹೊಂದಿಸಬಹುದು. ಹೊಸ ಪದ್ಧತಿಯಲ್ಲಿ ಆ ಸೌಲಭ್ಯವಿಲ್ಲ. ತಿಂಗಳ ಕಂತು ಬಾಡಿಗೆಗೆ ಸರಿಸಮ ಎಂದು ಕಾಣುವ ಲೆಕ್ಕ ಮೊದಲ ಖಾಲಿ ತಿಂಗಳಿಗೇ ಕುಸಿಯುತ್ತದೆ. ಕಂತು ಬಾಡಿಗೆಯ ಮೂರನೇ ಎರಡು ಭಾಗ ಮೀರದಂತೆ ಸಾಲ ಪಡೆದವರು ಮುಂದೆ ಬಂದ ಕೆಟ್ಟ ಕಾಲವನ್ನು ದಾಟಿದರು.

ಆ ಕೆಟ್ಟ ಕಾಲ 2020ರ ಮಾರ್ಚ್‌ನಲ್ಲಿ ಬಂತು. ಲಾಕ್‌ಡೌನ್ ಶುರುವಾದ ಕೆಲವೇ ದಿನಗಳಲ್ಲಿ, ಕೂಲಿಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದೆಂದು ಕೇಂದ್ರ ಗೃಹ ಸಚಿವಾಲಯ ಆದೇಶಿಸಿತು. ಮನೆಯಿಂದಲೇ ಕೆಲಸ ಮಾಡುವ ಅವಕಾಶ ಸಿಕ್ಕ ಐಟಿ ನೌಕರರು ಊರುಗಳಿಗೆ ಹೊರಟರು. ಗೇಟುಗಳಲ್ಲಿ ಟು-ಲೆಟ್ ಬೋರ್ಡುಗಳು ಸಾಲುಸಾಲಾಗಿ ಕಂಡವು. ಎಲ್ಲರ ಅಡ್ವಾನ್ಸನ್ನೂ ಒಟ್ಟಿಗೆ ಹಿಂದಿರುಗಿಸಬೇಕಾದ ಆ ತಿಂಗಳುಗಳಲ್ಲಿ, ಠೇವಣಿ ಇಟ್ಟುಕೊಂಡಿದ್ದವರು ಕೊಟ್ಟು ಕೈತೊಳೆದರು. ಖರ್ಚು ಮಾಡಿದ್ದವರು ಫೋನ್ ಎತ್ತಲು ಹಿಂಜರಿದರು. ವಿಜಯನಗರದ ಮನೆಯ ಹಿತ್ತಲಿನ ಔಟ್‌ಹೌಸಿನಲ್ಲಿ ಆಗ ಇದ್ದದ್ದು ಆಟೋ ಓಡಿಸುವವರ ಸಂಸಾರ. ಮೂರು ತಿಂಗಳು ಅವರಿಂದ ಬಾಡಿಗೆ ಬರಲಿಲ್ಲ, ಮನೆಯವರೂ ಕೇಳಲಿಲ್ಲ. ಆಮೇಲೆ ಅವರು ಅದನ್ನು ಕಂತು ಕಂತಾಗಿ ತೀರಿಸಿದರು. ರಿಪೇರಿಗೆಂದು ಬೇರೆಯಿಟ್ಟ ಹಣ ಆ ಮೂರು ತಿಂಗಳು ಅಡುಗೆಮನೆಯನ್ನು ನಡೆಸಿತು. 2022ರಲ್ಲಿ ಕಚೇರಿಗಳು ಮತ್ತೆ ತೆರೆದಾಗ ಬಾಡಿಗೆಗಳು ಒಮ್ಮೆಲೇ ಜಿಗಿದವು. ಕಷ್ಟಕಾಲದಲ್ಲಿ ಉಳಿದವರನ್ನು ಹೆಚ್ಚಿನ ಬಾಡಿಗೆಯ ಆಸೆಗೆ ಹೊರಗೆ ಕಳಿಸಿದ ಓನರ್‌ಗಳೂ ಇದ್ದರು, ಹಾಗೆ ಮಾಡಬಾರದಿತ್ತು.

ಕೊನೆಯ ವಿಷಯ ಪಾಲು. ತಂದೆತಾಯಿಯ ನಂತರ ಮನೆ ಮಕ್ಕಳ ಹೆಸರಿಗೆ ಬರುವಾಗ ಹಂಚುವುದು ಗೋಡೆಗಳನ್ನು ಮಾತ್ರ ಅಲ್ಲ. ಬಾಡಿಗೆದಾರರ ಅಡ್ವಾನ್ಸ್ ಆ ಆಸ್ತಿಯ ಮೇಲಿನ ಹೊಣೆ, ಯಾವ ಭಾಗ ಯಾರಿಗೆ ಬಂತೋ ಆ ಭಾಗದ ಅಡ್ವಾನ್ಸ್ ತೀರಿಸುವುದೂ ಅವರಿಗೇ ಬರಬೇಕು. ಪಾಲುಪಟ್ಟಿಯಲ್ಲಿ ಇದನ್ನು ಹೆಸರು, ಮೊತ್ತ ಸಹಿತ ಬರೆಯಿಸದಿದ್ದರೆ ಅಣ್ಣತಮ್ಮಂದಿರ ನಡುವೆ ಸಿಕ್ಕಿ ನಲುಗುವವರು ಬಾಡಿಗೆದಾರರು. ಪಾಲು ನಿರ್ದಿಷ್ಟವಾಗಿದ್ದರೆ ಬಾಡಿಗೆಯ ಆದಾಯವೂ ಆಯಾ ಪಾಲಿನಂತೆ ಒಬ್ಬೊಬ್ಬರ ಲೆಕ್ಕದಲ್ಲಿ ಬೇರೆ ಬೇರೆಯಾಗಿ ತೆರಿಗೆಗೆ ಒಳಪಡುತ್ತದೆ. ಖಾತಾ ಬದಲಾವಣೆ ಮುಗಿಸಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕಗಳ ಹೆಸರು ಬದಲಿಸಬೇಕು, ಹಳೆಯ ಕರಾರುಗಳನ್ನು ಹೊಸ ಒಡೆಯರ ಹೆಸರಿನಲ್ಲಿ ಮತ್ತೆ ಬರೆಯಿಸಬೇಕು. ಒಂದೇ ಸಂಪು, ಒಂದೇ ಮೋಟಾರು, ಒಂದೇ ತಾರಸಿ ಇರುವ ಮನೆಯಲ್ಲಿ ಅವುಗಳ ಖರ್ಚನ್ನು ಯಾವ ಪ್ರಮಾಣದಲ್ಲಿ ಹೊರಬೇಕು ಎಂಬುದೂ ಪಾಲುಪಟ್ಟಿಯಲ್ಲೇ ಇರಬೇಕು. ಮುಂದಿನ ತಿಂಗಳ ಬಾಡಿಗೆಯನ್ನು ಯಾರ ಖಾತೆಗೆ ಹಾಕಬೇಕು, ನಲ್ಲಿ ಸೋರಿದರೆ ಯಾರಿಗೆ ಫೋನ್ ಮಾಡಬೇಕು ಎಂದು ಪ್ರತಿ ಬಾಡಿಗೆದಾರರಿಗೂ ಎಲ್ಲ ಪಾಲುದಾರರು ಸಹಿ ಹಾಕಿದ ಪತ್ರವನ್ನು ಕೊಡಬೇಕು.